ತಟ್ಟುವ ಕೈ

ತಲೆಗೆ ಎಣ್ಣೆ ಹಚ್ಚಬೇಡಿ ಎಂದು ಫೋನಿನಲ್ಲಿ ಎರಡು ಸಲ ಹೇಳಿದ್ದೆ. ಆದರೂ ಆ ಸೋಮವಾರ ಇಳಕಲ್‌ನಿಂದ ಬಂದ ಕೂಸಿನ ನೆತ್ತಿಯಿಂದ ಕೊಬ್ಬರಿ ಎಣ್ಣೆ ಹಣೆಗೆ ಇಳಿಯುತ್ತಿತ್ತು. ನಾನು ತಾಯಿಯ ಮುಖ ನೋಡಿದೆ. ತಾಯಿ ತನ್ನ ಅತ್ತೆಯ ಮುಖ ನೋಡಿದಳು. ಅತ್ತೆ, ಅಂದರೆ ಕೂಸಿನ ಅಜ್ಜಿ, ಯಾರ ಮುಖವನ್ನೂ ನೋಡಲಿಲ್ಲ.

"ಊರ ಬಿಟ್ಟ ಹೊಂಟ ಕೂಸಿನ ನೆತ್ತಿ ಒಣಾ ಇಡೂದೇನ್ರಿ? ಬಿಸಲ ಹ್ಯಾಂಗೈತಿ ನೋಡ್ರಿ," ಎಂದಳು.

ಬಾಗಲಕೋಟೆಯ ನವನಗರದಲ್ಲಿರುವ ಒಂದು ಕಿವಿ ಆಸ್ಪತ್ರೆಯಲ್ಲಿ ನಾನು ಆಡಿಯಾಲಜಿಸ್ಟ್. ಬಾದಾಮಿಯಿಂದ ದಿನಾ ರೈಲಿಗೆ ಬಂದು ಹೋಗುತ್ತೇನೆ. ಮಕ್ಕಳ ಕಿವಿಗೆ ಕೇಳಿಸುವ ಮಶಿನ್ ಕೂಡಿಸುವುದು, ಕೂಡಿಸಿದ ಮೇಲೆ ಸಪ್ಪಳ ನಿಜವಾಗಿ ಒಳಗೆ ಮುಟ್ಟುತ್ತಿದೆಯೇ ಎಂದು ನೋಡುವುದು ನನ್ನ ಕೆಲಸ. ದೊಡ್ಡವರಾದರೆ "ಕೇಳಿಸಿತೇನ್ರಿ?" ಎಂದು ಕೇಳಬಹುದು. ಎರಡೂವರೆ ವರ್ಷದ ಕೂಸನ್ನು ಕೇಳುವುದು ಹೇಗೆ? ಅದಕ್ಕೆ ನಾವು ಕೂಸನ್ನು ಬಿಟ್ಟು ಅದರ ಮೆದುಳನ್ನೇ ಕೇಳುತ್ತೇವೆ. ನೆತ್ತಿಗೊಂದು, ಕಿವಿಯ ಹಿಂದಿನ ಎಲುಬಿಗೊಂದು, ಹಣೆಗೊಂದು ಪುಟ್ಟ ಬಟ್ಟಲಿನಂಥ ಎಲೆಕ್ಟ್ರೋಡ್ ಅಂಟಿಸುತ್ತೇವೆ. ಎದುರಿಗಿನ ಸ್ಪೀಕರ್‌ನಿಂದ 'ಟ' ಎಂಬ ತುಣುಕು ಸಪ್ಪಳವನ್ನು ಸೆಕೆಂಡಿಗೊಂದರಂತೆ ಕೇಳಿಸುತ್ತೇವೆ. ಒಂದೊಂದು ಸಪ್ಪಳಕ್ಕೆ ಮೆದುಳು ಕೊಡುವ ಉತ್ತರ ಬಹಳ ಸಣ್ಣದು, ಕಣ್ಣು ಮಿಟುಕಿಸಿದರೂ ಅದರಡಿ ಮುಚ್ಚಿಹೋಗುತ್ತದೆ. ಅದಕ್ಕೇ ನೂರಕ್ಕೂ ಹೆಚ್ಚು ಸಲ ಕೇಳಿಸಿ, ಕಂಪ್ಯೂಟರಿನಲ್ಲಿ ಎಲ್ಲದರ ಸರಾಸರಿ ತೆಗೆಯುತ್ತೇವೆ. ಸಪ್ಪಳಕ್ಕೆ ಸಂಬಂಧವಿಲ್ಲದ್ದೆಲ್ಲ ಸವೆದು ಹೋಗುತ್ತದೆ. ಸಪ್ಪಳದ ಜೊತೆ ಜೊತೆಗೇ ಬರುವುದು ಮಾತ್ರ ಉಳಿದು ಪರದೆಯ ಮೇಲೆ ಒಂದು ಅಲೆಯಾಗಿ ಏಳುತ್ತದೆ. ತರಬೇತಿಗೆ ಬಂದ ಹುಡುಗಿಯರಿಗೆ ಈ ಮಾತನ್ನು ನಾನು ಎಷ್ಟು ಸಲ ಹೇಳಿಕೊಟ್ಟಿಲ್ಲ! ಹೇಳಿಕೊಡುವವರಿಗೆ ಪಾಠ ಬಂದಿರುತ್ತದೆ ಎಂದೇನೂ ಇಲ್ಲ.

ಈ ಕೂಸು ಎರಡೂ ಕಿವಿಗೆ ಮಶಿನ್ ಹಾಕಿಕೊಂಡು ಎಂಟು ತಿಂಗಳಾಗಿತ್ತು. ಇನ್ನೂ ಒಂದು 'ಅವ್ವ' ಇರಲಿಲ್ಲ. ಮಶಿನ್ ಸಾಲುತ್ತಿದ್ದರೆ ಅದನ್ನೇ ಮುಂದುವರಿಸಿ ಮಾತು ಕಲಿಸಬೇಕು. ಸಾಲದಿದ್ದರೆ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಆಪರೇಷನ್ ಮಾಡಿಸಿ, ಕಿವಿಯ ಒಳಗೆ ನರಕ್ಕೇ ಸಪ್ಪಳ ಮುಟ್ಟಿಸುವ ಕಾಕ್ಲಿಯರ್ ಇಂಪ್ಲಾಂಟ್ ಕೂಡಿಸಬೇಕು. ಸರ್ಕಾರದ ಯೋಜನೆಯಲ್ಲಿ ಅದು ಆಗುತ್ತದೆ, ಆದರೆ ವಯಸ್ಸು ಮೀರಿದರೆ ಆಗುವುದಿಲ್ಲ. ಮೆದುಳಂತೂ ಯಾವ ಯೋಜನೆಗೂ ಕಾಯುವುದಿಲ್ಲ. ಸಪ್ಪಳ ಕಾಣದ ಜಾಗದಲ್ಲಿ ಬೇರೆ ಕೆಲಸಗಳು ಬಂದು ಮನೆ ಮಾಡಿಬಿಡುತ್ತವೆ. ಈ ಸರದಿ ಆಪರೇಷನ್ ಆಗಬೇಕಾದ ಮಕ್ಕಳ ಪಟ್ಟಿ ಮುಂದಿನ ವಾರದ ಶನಿವಾರ ಹುಬ್ಬಳ್ಳಿಗೆ ಹೋಗುವುದಿತ್ತು. ನಮ್ಮ ಕಿವಿ ಡಾಕ್ಟರು, ಅರವತ್ತರ ಗಂಭೀರ ಮನುಷ್ಯ, ಫೈಲನ್ನು ನನ್ನ ಮುಂದೆ ಇಟ್ಟು, "ನೀವ ಹೇಳ್ರಿ. ನಿಮ್ಮ ಕಾಗದ ನೋಡೇ ನಾ ಸಹಿ ಮಾಡಾಂವ," ಎಂದಿದ್ದರು.

ಅಜ್ಜಿಗೆ ಆಪರೇಷನ್ ಎಂಬ ಮಾತೇ ಆಗದು.

"ತಲಿ ಕೊರಿಯೂದಂದ್ರ ಸಾಮಾನ್ಯ ಮಾತೇನ್ರಿ? ಕೂಸಿಗಿ ಕೇಳಸ್ತೈತಿ. ನಾ ಮಗ್ಗದಾಗ ಕುಂತು ಲಾಳಿ ಹೊಡದ್ರ ಎಲ್ಲಿದ್ರೂ ಓಡಿ ಬರತೈತಿ."

"ನೆಲದಾಗ ತೋಡಿದ ಕುಣಿ ಮಗ್ಗ ಐತಲ್ರಿ ಅಮ್ಮಾ, ನೆಲಾ ನಡಗತೈತಿ. ಕಾಲಿಗಿ ಗೊತ್ತಾಗಿ ಬಂದಿರಬೇಕು," ಎಂದೆ.

ಇಳಕಲ್ ಸೀರೆ ನೇಯುವುದರಲ್ಲಿ ನಲವತ್ತು ವರ್ಷ ಕಳೆದವಳು ಆಕೆ. ಮಗ್ಗದ ವಿಷಯ ನನ್ನಿಂದ ತಿಳಿಯಬೇಕೇ ಎನ್ನುವಂತೆ ನನ್ನನ್ನು ನೋಡಿದಳು.

ಎಣ್ಣೆ ಇದ್ದರೆ ಎಲೆಕ್ಟ್ರೋಡ್ ಹಿಡಿಯುವುದಿಲ್ಲ. ನಮ್ಮ ಆಯಾ ಕೂಸನ್ನು ಬಚ್ಚಲಿಗೆ ಒಯ್ದು ಶಾಂಪೂ ಹಾಕಿ ಎರಡು ಸಲ ತೊಳೆದಳು. ಕೂಸು ಆಸ್ಪತ್ರೆ ಹಾರಿಹೋಗುವಂತೆ ಚೀರಿತು. ತಲೆ ಒರೆಸಿ, ಚರ್ಮ ಉಜ್ಜಿ, ಪೇಸ್ಟ್ ಹಚ್ಚಿ ಅಂಟಿಸಿದರೆ ಒಂದು ವೈರನ್ನು ಕಿತ್ತೆಸೆಯಿತು. ಮತ್ತೆ ಅಂಟಿಸಿದೆ. ತಾಯಿಯ ತೊಡೆಯ ಮೇಲೆ ಕೂಡಲೊಲ್ಲದು, ನನ್ನನ್ನು ಕಂಡರೆ ಮುಖ ತಿರುವುತ್ತದೆ. ಕೊನೆಗೆ ಅಜ್ಜಿ ತೊಡೆಯ ಮೇಲೆ ಕೂರಿಸಿಕೊಂಡು ಸೆರಗು ಹೊದಿಸಿದಳು. ಕೂಸು ಒಂದು ದೊಡ್ಡ ಬಿಕ್ಕು ಬಿಕ್ಕಿ ಸುಮ್ಮನಾಯಿತು. ಎದುರಿಗೆ ಸದ್ದಿಲ್ಲದ ಕಾರ್ಟೂನು ಹಚ್ಚಿದೆ. ಅಷ್ಟರಲ್ಲಿ ಎರಡೂವರೆ ತಾಸು ಹೋಗಿತ್ತು.

ನಾನು ಗಾಜಿನ ಆಚೆ ಕಂಪ್ಯೂಟರ್ ಮುಂದೆ ಕೂತು ಶುರುಮಾಡಿದೆ. ಟ. ಟ. ಟ. ಇಪ್ಪತ್ತಾಯಿತು, ನಲವತ್ತಾಯಿತು. ಗೆರೆ ನಿಧಾನವಾಗಿ ಉಬ್ಬತೊಡಗಿತು. ನೂರು ದಾಟುವ ಹೊತ್ತಿಗೆ ಚಂದನೆಯ ಒಂದು ಅಲೆ ಎದ್ದು ನಿಂತಿತ್ತು. ಎರಡನೇ ಸಲ ಓಡಿಸಿದೆ. ಮೊದಲನೆಯ ಗೆರೆಯ ಮೇಲೆ ಎರಡನೆಯದು ಹೊಂದಿಸಿ ಇಟ್ಟಂತೆ ಬಂದು ಕೂತಿತು. 'ಮ' ಕೇಳಿಸಿದೆ, ಅದಕ್ಕೂ ಅಂಥದ್ದೇ ಅಲೆ. ದಪ್ಪ ಸಪ್ಪಳಕ್ಕೂ ತೆಳು ಸಪ್ಪಳಕ್ಕೂ ಒಂದೇ ಥರ ಬರುವುದು ಅಪರೂಪ. ಅಲ್ಲಿಯೇ ನಿಲ್ಲಬೇಕಿತ್ತು ನಾನು. ನಿಲ್ಲಲಿಲ್ಲ. ಕೂಸಿನ ಪುಣ್ಯ ಅಂದುಕೊಂಡೆ.

ನಮ್ಮ ಕೋಣೆಯ ಗೋಡೆಗೆ ನಾನೇ ಬರೆದು ಅಂಟಿಸಿದ ಒಂದು ಹಾಳೆ ಇದೆ. ಕೂಸಿನ ಕಿವಿಯ ಮಶಿನ್ ಆನ್ ಮಾಡಿ ಎರಡು ಸಲ, ಆಫ್ ಮಾಡಿ ಒಂದು ಸಲ. ಆಫ್ ಮಾಡಿದಾಗ ಅಲೆ ಮಾಯವಾದರೆ ಮಾತ್ರ ಮೊದಲಿನ ಎರಡನ್ನು ನಂಬಬೇಕು. ಕೂಸು ಕಣ್ಣುಜ್ಜುತ್ತಿತ್ತು, ಮಲಗಿದರೆ ಪರೀಕ್ಷೆ ಕೆಡುತ್ತದೆ. ಹೊರಗೆ ಮತ್ತೆ ಮೂರು ಮಕ್ಕಳು ಕಾದಿದ್ದವು. ಇಷ್ಟು ಸ್ವಚ್ಛ ಅಲೆಗೆ ಮತ್ತೇನು ಸಾಕ್ಷಿ ಎಂದು ಮೂರನೆಯದನ್ನು ಬಿಟ್ಟೆ.

"ಸಪ್ಪಳ ಮೆದುಳಿಗೆ ಮುಟ್ಟಾಕತ್ತೈತ್ರಿ," ಎಂದು ತಾಯಿಗೆ ಹೇಳಿದೆ. ಆಕೆ ಬಾಯಿಗೆ ಸೆರಗು ಹಿಡಿದು ಅತ್ತಳು. ಅಜ್ಜಿ ಅಳಲಿಲ್ಲ.

"ನಾ ಹೇಳಿದ್ದಿಲ್ಲೇನು?" ಎಂದಳು ಸೊಸೆಗೆ. "ಆಪರೇಷನ್ ಬೇಕಂತ, ಆಪರೇಷನ್!"

ವರದಿ ಬರೆದೆ. ಡಾಕ್ಟರು ಸಹಿ ಮಾಡಿದರು. ಪಟ್ಟಿಯಿಂದ ಕೂಸಿನ ಹೆಸರು ಹೋಯಿತು. ಎರಡು ದಿನದ ಮೇಲೆ ಕೂಸಿನ ಅಪ್ಪ ಕಾಗದ ಒಯ್ಯಲು ಬಂದವನು ದಾರಿಯಲ್ಲಿ ಅಮೀನಗಡದಲ್ಲಿಳಿದು ಕರದಂಟು ತಂದಿದ್ದ. ಡಬ್ಬಿ ನನ್ನ ಮೇಜಿನ ಮೇಲಿಟ್ಟು ಕೈ ಮುಗಿದ. ಒಂದು ತುಂಡು ಬಾಯಿಗೆ ಹಾಕಿಕೊಂಡೆ, ಉಳಿದದ್ದು ನಾಳೆಗೆ ಇರಲಿ ಎಂದು ಮುಚ್ಚಿಟ್ಟೆ.

ಮುಂದಿನ ವಾರದ ಗುರುವಾರ ನಾನು ಹುನಗುಂದದಲ್ಲಿದ್ದೆ. ತಿಂಗಳಿಗೊಮ್ಮೆ ಅಲ್ಲಿ ಒಂದು ಕೋಣೆಯಲ್ಲಿ ಕೂಡುತ್ತೇನೆ, ಸುತ್ತಲಿನ ಊರುಗಳ ಮಕ್ಕಳು ಬಾಗಲಕೋಟೆಯತನಕ ಬರುವುದು ತಪ್ಪುತ್ತದೆ ಎಂದು. ಅದೇ ಕೂಸು, ಅದೇ ತಾಯಿ, ಅದೇ ಅಜ್ಜಿ ಬಂದರು. ಮಶಿನ್ನನ್ನು ಕಿವಿಯೊಳಗೆ ಹಿಡಿದಿಡುವ ಅಚ್ಚು ಸಡಿಲಾಗಿ ಅದು ಸಿಳ್ಳೆ ಹಾಕುತ್ತಿತ್ತು, ಹೊಸ ಅಚ್ಚು ಮಾಡಬೇಕಿತ್ತು. ಅಳತೆಗೆಂದು ಕೂಸಿನ ಕಿವಿಯೊಳಗೆ ನಾದಿದ ಹಿಟ್ಟಿನಂಥ ಮೆತ್ತನೆಯ ಮದ್ದು ತುಂಬಿದೆ. ಅದು ಗಟ್ಟಿಯಾಗುವತನಕ ನಾಲ್ಕೈದು ನಿಮಿಷ ಕೂಸು ಅಲುಗಬಾರದು. ಅಜ್ಜಿ ತೊಡೆಯ ಮೇಲೆ ಹಾಕಿಕೊಂಡು ಬೆನ್ನು ತಟ್ಟುತ್ತಿದ್ದಳು. ಕೂಸು ಗೊಂಬೆಯ ಹಾಗೆ ಕೂತಿತ್ತು.

ತಲೆಯ ಮೇಲೆ ಹಳೆಯ ಫ್ಯಾನು ಸುತ್ತಿಗೊಮ್ಮೆ ಟಕ್ ಎನ್ನುತ್ತ ಕುಂಟುತ್ತಿತ್ತು. ನಾನು ಕೈ ಒರೆಸಿಕೊಳ್ಳುತ್ತ ಸುಮ್ಮನೆ ನೋಡುತ್ತಿದ್ದೆ. ಟಕ್. ಅಜ್ಜಿಯ ಕೈ ಬೆನ್ನಿಗೆ ಬಿತ್ತು. ಟಕ್. ಮತ್ತೆ ಬಿತ್ತು. ಆಕೆ ಸೊಸೆಯ ಜೊತೆ ಕಾಯಿಪಲ್ಯದ ಮಾತಾಡುತ್ತಿದ್ದಳು, ಕೈಯ ಕಡೆ ಲಕ್ಷ್ಯವೇ ಇರಲಿಲ್ಲ. ಅಷ್ಟರಲ್ಲಿ ಕರೆಂಟು ಇಳಿದು ಫ್ಯಾನು ನಿಧಾನವಾಯಿತು. ಕೈಯೂ ನಿಧಾನವಾಯಿತು. ಕರೆಂಟು ಏರಿತು. ಕೈಯೂ ಏರಿತು.

ಕೈ ಒರೆಸುವುದನ್ನು ನಿಲ್ಲಿಸಿದೆ.

"ಅಮ್ಮಾ," ಎಂದೆ. "ಅವತ್ತ ಬಾಗಲಕೋಟ್ಯಾಗ ವೈರ್ ಹಚ್ಚಿ ಕುಂದರಿಸಿದ್ನೆಲ್ಲ, ಅವಾಗೂ ಹಿಂಗ ತಟ್ಟಿದ್ರೇನು?"

"ತಟ್ಟಲಾರದ ಕೂಸು ಎಲ್ಲೆ ಕುಂದರತೈತೆವ್ವಾ? ಸೆರಗಿನಾಗ ಹಾಕ್ಕೊಂಡು ತಟಗೋತನ ಇದ್ನೆಲ್ಲ. ಯಾಕ?"

"ಏನಿಲ್ರಿ," ಎಂದೆ.

ಏನಿಲ್ಲವಂತೆ! ಎಲ್ಲವೂ ಅದೇ ಆಗಿತ್ತು. ಸ್ಪೀಕರ್ 'ಟ' ಎಂದಾಗಲೆಲ್ಲ ಕೇಳಿಸಿದ್ದು ಅಜ್ಜಿಗೆ. ಮಗ್ಗದ ತಾಳಕ್ಕೆ ಪಳಗಿದ ಅವಳ ಕೈ ಸೆರಗಿನೊಳಗೆ ಅದೇ ಲಯದಲ್ಲಿ ಬೆನ್ನ ಮೇಲೆ ಬಿದ್ದಿತ್ತು. ಕೂಸಿನ ಮೆದುಳು ಉತ್ತರ ಕೊಟ್ಟಿದ್ದು ಬೆನ್ನು ತಟ್ಟಿದ್ದಕ್ಕಿರಬಹುದು. ಸಪ್ಪಳದ ಜೊತೆ ಜೊತೆಗೇ ಬಂದದ್ದು ಉಳಿದುಕೊಂಡಿತ್ತು, ನಾನೇ ಕಲಿಸಿದ ಹಾಗೆ. ಮಶಿನ್ ಆಫ್ ಮಾಡಿ ಮೂರನೇ ಸಲ ನೋಡಿದ್ದರೆ ಆಗಲೂ ಅಲೆ ಎದ್ದು, ಅವತ್ತೇ ಬಣ್ಣ ಬಯಲಾಗುತ್ತಿತ್ತು.

ಅಚ್ಚು ತೆಗೆದೆ. ಅವರು ಹೋದರು. ಹೋಗುವಾಗ ತಾಯಿ, "ದಿನಾ ಮುಂದ ಕುಂತು ಮಾತಾಡ್ತೇನ್ರಿ ಬಾಯಾರ, ನೀವು ಹೇಳಿದಂಗ. ಇವತ್ತಿಲ್ಲ ನಾಳಿ ಅವ್ವಾ ಅಂತೈತಿ ಬಿಡ್ರಿ," ಎಂದಳು. ನಾನು ತಲೆಯಾಡಿಸಿದೆ. ಅಲ್ಲಿಯೇ ಹೇಳಬೇಕಿತ್ತಲ್ಲವೇ? ಹೇಳಲಿಲ್ಲ. ಹೆದರಿಕೆ ಮನುಷ್ಯನನ್ನು ಎಷ್ಟು ಸಭ್ಯನನ್ನಾಗಿ ಮಾಡುತ್ತದೆ ಎಂದು ಅವತ್ತು ಗೊತ್ತಾಯಿತು. ಬಸ್ಸಿನವರೆಗೂ ಹೋಗಿ ಕೈ ಬೀಸಿ ಬಂದೆ.

ಉಳಿದ ಮಕ್ಕಳನ್ನು ಹೇಗೋ ಮುಗಿಸಿ ಬಾಗಲಕೋಟೆಯ ಬಸ್ಸು ಹತ್ತಿದೆ. ನನ್ನ ತಪ್ಪು ಯಾರಿಗೆ ತಿಳಿಯುತ್ತದೆ? ಕಾಗದದ ಮೇಲೆ ಸುಳ್ಳಿಲ್ಲ, ಅಲೆ ಬಂದದ್ದು ಖರೆ. ಒಂದು ವರ್ಷವಾದ ಮೇಲೂ ಕೂಸಿಗೆ ಮಾತು ಬರದಿದ್ದರೆ "ಕೆಲವು ಮಕ್ಕಳು ಹಂಗ" ಎಂದರೆ ಮುಗಿಯಿತು. ಅಷ್ಟರಲ್ಲಿ ವಯಸ್ಸು ಮೀರಿರುತ್ತದೆ. ಯಾರೂ ನನ್ನ ಬಾಗಿಲಿಗೆ ಬಂದು ಜಗಳ ಮಾಡುವುದಿಲ್ಲ. ಮೇಲಾಗಿ ಕರದಂಟು ತರುತ್ತಾರೆ. ಇದನ್ನು ನೆನೆದಾಗ ಬಂದ ಹೆದರಿಕೆ ಬೇರೆಯದೇ. ಬೈಸಿಕೊಳ್ಳುವ ಹೆದರಿಕೆಗಿಂತ, ಬೈಸಿಕೊಳ್ಳದೆಯೇ ಉಳಿದುಬಿಡುತ್ತೇನಲ್ಲ ಎನ್ನುವ ಹೆದರಿಕೆ ದೊಡ್ಡದಿತ್ತು.

ಆದರೂ ಒಂದು ಆಸೆ. ಕೂಸಿಗೆ ನಿಜವಾಗಿ ಕೇಳಿಸಿದ್ದರೆ? ತಟ್ಟಿದ್ದಕ್ಕೆ ಅಷ್ಟು ದೊಡ್ಡ ಅಲೆ ಏಳುವುದು ಸಾಧ್ಯವೇ? ಅದನ್ನು ನೋಡಲು ಆಸ್ಪತ್ರೆಗೆ ಹೋದವಳೇ ಎಲೆಕ್ಟ್ರೋಡನ್ನು ನನ್ನ ತಲೆಗೇ ಅಂಟಿಸಿಕೊಂಡೆ. ಕಿವಿಗೆ ಸ್ಪಂಜಿನ ಬೆಣೆ ತುರುಕಿ, ಮೇಲೆ ಹೆಡ್‌ಫೋನ್ ಹಾಕಿ ಅದರಲ್ಲಿ ಸುರಿಯುವ ನೀರಿನಂಥ ಗದ್ದಲ ಬಿಟ್ಟೆ, ಸ್ಪೀಕರ್ ಸಪ್ಪಳ ನನಗೆ ಒಂದಿಷ್ಟೂ ಕೇಳದ ಹಾಗೆ. ಆಯಾಳನ್ನು ಕರೆದು ಬೆನ್ನ ಹಿಂದೆ ನಿಲ್ಲಿಸಿದೆ.

"ಆ ಸಪ್ಪಳ ಬಂದಾಗೊಮ್ಮೆ ನನ್ನ ಬೆನ್ನ ಮ್ಯಾಲೆ ಮೆತ್ತಗ ತಟ್ಟು."

"ಅಯ್ಯ ಮೇಡಮ್ಮಾರ, ನಿಮ್ಮನ್ನೂ ತಟ್ಟಿ ಮಲಗಸಬೇಕೇನ್ರಿ ಈಗ?" ಎಂದು ನಕ್ಕಳು. ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿದಳು.

ತಟ್ಟಿದಳು. ನಾನು ಪರದೆಯನ್ನೇ ನೋಡುತ್ತ ಕೂತೆ. ಏಳಬೇಡ, ಏಳಬೇಡ ಎಂದು ಗೆರೆಗೆ ಹೇಳುತ್ತಿದ್ದೆ. ಐವತ್ತರ ಹೊತ್ತಿಗೆ ಉಬ್ಬಿತು. ನೂರಕ್ಕೆ ಅಲೆ ಸ್ಪಷ್ಟವಾಯಿತು. ಆಯಾಳ ಕೈ ನಡುನಡುವೆ ತಾಳ ತಪ್ಪುತ್ತಿದ್ದರೂ ಇಷ್ಟು ಅಲೆ. ಅಜ್ಜಿಯ ಕೈ ತಾಳ ತಪ್ಪುವುದೇ ಇಲ್ಲ.

ವೈರುಗಳನ್ನು ಕಿತ್ತು ಹಾಗೆಯೇ ಡಾಕ್ಟರ ಕೋಣೆಗೆ ಹೋದೆ. ಕೂದಲಲ್ಲಿ ಪೇಸ್ಟ್ ಮೆತ್ತಿಕೊಂಡಿತ್ತು. ನಿಂತುಕೊಂಡೇ ಎಲ್ಲ ಹೇಳಿದೆ. ನಾಡಿದ್ದು ಶನಿವಾರ, ಪಟ್ಟಿ ಹೋಗುವ ದಿನ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನಾಳೆ ಕೂಸಿನ್ನ ಕರಸ್ರಿ. ಮದಲ ಕೂಸಿಂದು ಮುಗೀಲಿ," ಎಂದರು. "ಆಮ್ಯಾಲೆ ನಿಮ್ಮನ್ನ ಬೈತೇನಿ. ಮರಿಯಂಗಿಲ್ಲ ಮತ್ತ."

ತಾಯಿಗೆ ಫೋನ್ ಮಾಡಿದೆ. "ಬರೋಬ್ಬರಿ ಐತಿ ಅಂದಿದ್ರೆಲ್ಲ, ಮತ್ಯಾಕ್ರಿ?" ಎಂದಳು. ಸಣ್ಣದೊಂದು ಪರೀಕ್ಷೆ ಉಳಿದಿತ್ತು ಎಂದು ಹಾರಿಸಿಬಿಡಬಹುದಿತ್ತು. ಬಾಯಿ ತನಕ ಬಂದಿತ್ತು ಕೂಡ.

"ನಂದು ತಪ್ಪಾಗೇತ್ರಿ," ಎಂದೆ. "ಅವತ್ತಿನ ಪರೀಕ್ಷಾ ನಂಬಾಕ ಬರಂಗಿಲ್ಲ. ನಾಳೆ ಮುಂಜಾನಿ ಮೊದಲನೇ ಬಸ್ಸಿಗೆ ಬರ್ರಿ. ತಲಿಗಿ ಎಣ್ಣಿ ಬ್ಯಾಡ."

ಆಕೆ ಫೋನ್ ಇಟ್ಟಳು. ಬಾದಾಮಿಯ ರೈಲಿನಲ್ಲಿ ಕೂತಾಗ ಪಕ್ಕದವರ ಫೋನು ರಿಂಗಾದರೂ ಬೆಚ್ಚಿಬೀಳುತ್ತಿದ್ದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ, ಹಾಗಾಗಿತ್ತು ನನ್ನ ಪರಿಸ್ಥಿತಿ.

ಶುಕ್ರವಾರ ಮುಂಜಾನೆ ಹತ್ತಕ್ಕೆ ಬಂದರು. ಕೂಸಿನ ತಲೆ ಒಣಗಿತ್ತು. ತಾಯಿಯ ಕಣ್ಣು ಬಾತಿದ್ದವು. ಕೂರಿಸಿ ಎಲ್ಲ ಬಿಡಿಸಿ ಹೇಳಿದೆ. ಫ್ಯಾನಿನ ಮಾತು, ತಟ್ಟಿದ ಮಾತು, ನಾನು ಬಿಟ್ಟ ಮೂರನೇ ಪರೀಕ್ಷೆಯ ಮಾತು.

"ಹಂಗಾರ ಅವತ್ತ ನನ್ನ ಮುಂದ ಅಂದದ್ದು ಸುಳ್ಳೇನ್ರಿ?" ಎಂದಳು ತಾಯಿ. "ಊರಾಗೆಲ್ಲಾ ಹೇಳೇನ್ರಿ ನಾನು. ನನ್ನ ಮಗಳಿಗಿ ಕೇಳಸ್ತೈತಿ ಅಂತ ಮನಿ ಮನಿಗೆ ಹೋಗಿ ಹೇಳೇನಿ!"

"ಸುಳ್ಳು ಹೇಳಬೇಕಂತ ಹೇಳಿಲ್ರಿ. ನೋಡೂದು ಬಿಟ್ಟು ಹೇಳಿದೆ."

ಅಜ್ಜಿ ತನ್ನ ಬಲಗೈಯನ್ನು ತೊಡೆಯ ಮೇಲೆ ಅಂಗಾತ ಇಟ್ಟುಕೊಂಡು ನೋಡುತ್ತಿದ್ದಳು. ಬೆರಳ ಸಂದಿಯಲ್ಲಿ ನೂಲಿನ ಬಣ್ಣ ಹತ್ತಿತ್ತು.

"ಹಂಗಾರ ನನ್ನ ಕೈಲೇ ಆತೇನು ಇದು?" ಎಂದಳು.

"ಕೈದು ತಪ್ಪಲ್ಲಮ್ಮಾ. ಕೂಸಿನ್ನ ತಟ್ಟೂದು ಕೈಯ ಕೆಲಸ. ಅದನ್ನ ನೋಡೂದು ನನ್ನ ಕೆಲಸ ಇತ್ತು."

ಆಕೆ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡಳು.

ಕೂಸನ್ನು ಮೊದಲು ತಾಯಿಯ ತೊಡೆಯ ಮೇಲೆ ಕೂರಿಸಿದೆವು. ಅತ್ತು ಅತ್ತು ವೈರು ಕಿತ್ತಿತು. ಅಳುವ ಕೂಸಿನ ತಲೆಯಿಂದ ಬರುವುದು ಬರೀ ಕಸ, ಕಂಪ್ಯೂಟರ್ ಅಷ್ಟನ್ನೂ ತಿರಸ್ಕರಿಸಿತು. ಅಜ್ಜಿಯ ತೊಡೆಗೆ ಬದಲಿಸಿ, ತಟ್ಟಬೇಡಿ ಎಂದೆ. ಆಕೆ ಎರಡೂ ಕೈ ಬಿಗಿಹಿಡಿದು ಕೂತಳು. ಕೂಸು ಮುಖ ಮೇಲೆತ್ತಿ ಅಜ್ಜಿಯನ್ನು ನೋಡಿತು, ಏನೋ ತಪ್ಪಿದೆ ಎಂದು ಅದಕ್ಕೆ ತಿಳಿದುಹೋಯಿತು. ಮತ್ತೆ ಅಳು. ಅಜ್ಜಿಯ ಕೈ ತಾನಾಗಿಯೇ ಎದ್ದು ಬೆನ್ನಿಗೆ ಹೋಯಿತು. ಹನ್ನೆರಡು ಹೊಡೆಯಿತು, ಒಂದಾಯಿತು. ಇನ್ನೊಂದು ತಾಸು ಹೋದರೆ ಕೂಸು ಮಲಗುತ್ತದೆ, ನಾಳೆ ಪಟ್ಟಿ ಹೋಗುತ್ತದೆ. ನನಗೆ ಅಳು ಬಂದಿತ್ತು, ಅಳುವ ಹಕ್ಕು ಇರಲಿಲ್ಲ.

ಆಗ ನಮ್ಮ ಆಯಾ, ನೆಲಕ್ಕೆ ಬಿದ್ದ ಹತ್ತಿ ಆರಿಸುತ್ತ, ಯಾರಿಗೂ ಅಲ್ಲ ಎನ್ನುವಂತೆ ಗೊಣಗಿದಳು. "ಅಮ್ಮಾರ ಕೈ ಯಾಕ ಕಟ್ತೀರಿ? ನಿನ್ನೆ ನೀವು ಕಿವಿ ಮುಚ್ಚಿಕೊಂಡಿದ್ರೆಲ್ಲ, ಹಂಗ ಅವರ ಕಿವಿ ಮುಚ್ಚ್ರಲಾ."

ನಾನು ಅವಳನ್ನೇ ನೋಡಿದೆ. ಸಪ್ಪಳ ಕೇಳಿಸದ ಕೈ ಎಷ್ಟು ತಟ್ಟಿದರೇನು? ತನ್ನ ಪಾಡಿಗೆ ತಟ್ಟುತ್ತದೆ. ಸಪ್ಪಳದ ಜೊತೆ ಹೊಂದುವುದಿಲ್ಲ, ಸರಾಸರಿಯಲ್ಲಿ ಸವೆದು ಹೋಗುತ್ತದೆ. ಸಪ್ಪಳಗಳ ನಡುವಿನ ಅಂತರವನ್ನೂ ಒಮ್ಮೆ ಹೆಚ್ಚು ಒಮ್ಮೆ ಕಡಿಮೆ ಮಾಡಿಟ್ಟರೆ, ಮಗ್ಗದ ಕೈಗೂ ಅದು ಸಿಗದು. ಎರಡು ಡಿಗ್ರಿ ಮಾಡಿದ ನನಗೆ ಇದು ಹೊಳೆಯಲಿಲ್ಲ ಎಂದು ನಾಚಿಕೆಪಡಲೂ ಪುರುಸೊತ್ತಿರಲಿಲ್ಲ.

ಅಜ್ಜಿಯ ಕಿವಿಗೆ ಬೆಣೆ ಹಾಕಿ, ಹೆಡ್‌ಫೋನ್ ಏರಿಸಿ, ಗದ್ದಲ ಬಿಟ್ಟೆ. ಕೈ ಸನ್ನೆ ಮಾಡಿ, ತಟ್ಟಿರಿ ಎಂದೆ. ಆಕೆ ಅನುಮಾನದಿಂದಲೇ ಸೆರಗು ಹೊದಿಸಿ ತಟ್ಟತೊಡಗಿದಳು. ಕೂಸು ಬಿಕ್ಕಿ ಸುಮ್ಮನಾಯಿತು.

ಮಶಿನ್ ಆನ್ ಮಾಡಿ ಮೊದಲನೇ ಸಲ. ನಿನ್ನೆ ಏಳಬೇಡ ಎಂದು ಬೇಡಿಕೊಂಡವಳು ಇವತ್ತು ಏಳು, ಏಳು ಎಂದು ಬೇಡಿಕೊಳ್ಳುತ್ತಿದ್ದೆ. ಎದ್ದಿದ್ದರೆ ನನ್ನ ತಪ್ಪು ತಪ್ಪೇ ಆಗುತ್ತಿರಲಿಲ್ಲ. ನೂರಾಯಿತು, ನೂರೈವತ್ತಾಯಿತು. ಗೆರೆ ನೆಲ ಬಿಟ್ಟು ಏಳಲಿಲ್ಲ. ಎರಡನೇ ಸಲ. ಅಷ್ಟೇ. ಮಶಿನ್ ಆಫ್ ಮಾಡಿ ಮೂರನೇ ಸಲ. ಆನ್ ಮಾಡಿದ್ದಕ್ಕೂ ಆಫ್ ಮಾಡಿದ್ದಕ್ಕೂ ಕೂದಲೆಳೆಯ ವ್ಯತ್ಯಾಸವಿರಲಿಲ್ಲ. ಎಂಟು ತಿಂಗಳು ಆ ಕೂಸು ಕಿವಿಗೆ ಮಶಿನ್ ಹೊತ್ತುಕೊಂಡು ಸುಮ್ಮನೆ ತಿರುಗಿತ್ತು.

ನಾನು ಒಳಗೆ ಹೋಗಿ ತಾಯಿಗೆ ಹೇಳಿದೆ. ಆಕೆ ಗೋಡೆಗೆ ತಲೆ ಆನಿಸಿ ಏನೋ ಅಂದಳು, ಕೈ ಆಡಿಸಿ ಏನೋ ಅಂದಳು. ಹೆಡ್‌ಫೋನ್ ತೆಗೆಯುವುದನ್ನು ನಾವಿಬ್ಬರೂ ಮರೆತಿದ್ದೆವು. ಅಜ್ಜಿ ನಮ್ಮಿಬ್ಬರ ಬಾಯಿಯನ್ನೇ ನೋಡುತ್ತಿದ್ದಳು. ಇವಳ ತುಟಿ ಅಲುಗಿದರೆ ಇವಳ ಕಡೆ, ಅವಳ ತುಟಿ ಅಲುಗಿದರೆ ಅವಳ ಕಡೆ. ಕೂಸೂ ಹಾಗೆಯೇ ನೋಡುತ್ತಿತ್ತು. ತೊಡೆಯ ಮೇಲಿನ ಮುಖ, ಅದರ ಮೇಲಿನ ಮುಖ, ಎರಡೂ ಒಟ್ಟಿಗೆ ಆ ಕಡೆ ಈ ಕಡೆ ತಿರುಗುವುದನ್ನು ಕಂಡು ನಾನು ಮಾತು ನಿಲ್ಲಿಸಿದೆ.

ಹೆಡ್‌ಫೋನ್ ತೆಗೆದೆ. ಬೆಣೆ ಎಳೆದೆ. ಅಜ್ಜಿ ಕಿವಿ ಉಜ್ಜಿಕೊಂಡಳು.

"ನನ್ನ ಸೊಸಿ ಅಳಾಕತ್ತಿದ್ಲು, ಯಾಕಂತ ತಿಳೀಲಿಲ್ಲ," ಎಂದಳು. "ಬಾಯಿ ಅಷ್ಟ ಕಾಣತಿತ್ತು. ಕೂಸಿಗಿ ದಿನಾ ಹಿಂಗ ಏನು?"

ನಾನು ಹೌದೆಂದು ತಲೆಯಾಡಿಸಿದೆ.

ಅಜ್ಜಿ ಬಹಳ ಹೊತ್ತು ಕೂಸಿನ ಕೂದಲು ನೇವರಿಸಿದಳು. ಎಲೆಕ್ಟ್ರೋಡಿನ ಪೇಸ್ಟ್ ಬೆರಳಿಗೆ ಹತ್ತಿದ್ದನ್ನು ಸೆರಗಿಗೆ ಒರೆಸಿಕೊಂಡಳು.

"ಬರಕೋ," ಎಂದಳು. "ಹೆಸರ ಬರಕೋ ತಂಗಿ. ತಲಿ ಕೊರದ್ರ ಕೊರೀಲಿ. ನಾನೂ ಹೋಗ್ತೇನಿ ಹುಬ್ಬಳ್ಳಿಗಿ."

ಹಳೆಯ ವರದಿಯ ಮೇಲೆ ಅಡ್ಡಗೆರೆ ಎಳೆದು, ಕಾರಣ ಬರೆದು, ನನ್ನ ಸಹಿ ಹಾಕಿದೆ. ಶನಿವಾರ ಮುಂಜಾನೆ ಪಟ್ಟಿ ಹೋಯಿತು, ಕೊನೆಯಲ್ಲಿ ಕೂಸಿನ ಹೆಸರಿತ್ತು. ಆಮೇಲೆ ಡಾಕ್ಟರು ಮಾತಿಗೆ ತಪ್ಪದೆ ಬೈದರು. ಬೈದು ಮುಗಿಸಿ, ಗೋಡೆಯ ಹಾಳೆಯಲ್ಲಿ ಇನ್ನೊಂದು ಸಾಲು ಬರೆಸಿದರು: ಕೂಸನ್ನು ಎತ್ತಿಕೊಂಡವರ ಕಿವಿ ಮುಚ್ಚಬೇಕು. ಕರದಂಟಿನ ಡಬ್ಬಿಯನ್ನು ಆಯಾಳಿಗೆ 'ಮನೆಗೆ ಒಯ್ಯಿ' ಎಂದು ಕೊಟ್ಟುಬಿಟ್ಟೆ.

ಆಪರೇಷನ್ ಆಯಿತು. ಗಾಯ ಮಾಯ್ದ ಮೇಲೆ ಹುಬ್ಬಳ್ಳಿಯಲ್ಲಿ ಹೊರಗಿನ ಯಂತ್ರ ಹಚ್ಚಿ ಚಾಲೂ ಮಾಡಿದರು. ಕೆಲವು ತಿಂಗಳ ನಂತರ ಕೂಸು ಪರೀಕ್ಷೆಗೆ ಮತ್ತೆ ನನ್ನ ಕೋಣೆಗೆ ಬಂತು. ಇಂಪ್ಲಾಂಟ್ ಇರುವ ಮಕ್ಕಳಲ್ಲಿ ಆ ಯಂತ್ರದ್ದೇ ವಿದ್ಯುತ್ತು ಅಲೆಯ ಹಾಗೆ ವೇಷ ಹಾಕಿಕೊಂಡು ಬರುವುದುಂಟು. ಮತ್ತೆ ಮೋಸ ಹೋದರೆ? ಈಗ ನನಗೆ ಚಂದನೆಯ ಅಲೆ ಕಂಡರೇ ಭಯ.

ಅಜ್ಜಿ ಒಳಗೆ ಬಂದವಳೇ ಕುರ್ಚಿಯಲ್ಲಿ ಕೂತು ಕೂಸನ್ನು ಸೆರಗಿನಲ್ಲಿ ಹಾಕಿಕೊಂಡಳು. ಕೂಸಿನ ತಲೆ ಒಣಗಿತ್ತು. ನಾನು ಪೇಸ್ಟ್ ಡಬ್ಬಿ ತೆರೆಯುವ ಮೊದಲೇ ಆಕೆ ಹೆಡ್‌ಫೋನಿನ ಕಡೆ ಬೆರಳು ಮಾಡಿದಳು.

"ಮದಲ ನನ್ನ ಕಿವಿ ಮುಚ್ಚ ತಂಗಿ. ಆಮ್ಯಾಲೆ ಉಳಿದದ್ದು."

ಮುಚ್ಚಿದೆ. ಅಂತರ ಹೆಚ್ಚುಕಡಿಮೆ ಮಾಡಿಟ್ಟು ಶುರುಮಾಡಿದೆ. ಟ. ಪರದೆಯ ಮೇಲೆ ಇನ್ನೂ ಏನೂ ಮೂಡಿರಲಿಲ್ಲ, ಎರಡು ಮೂರು ಸಪ್ಪಳಕ್ಕೆ ಏನು ಮೂಡುತ್ತದೆ? ಅಜ್ಜಿಯ ಕೈ ತಟ್ಟುವುದನ್ನು ನಿಲ್ಲಿಸಿ ಕೂಸಿನ ಬೆನ್ನ ಮೇಲೆ ಹಾಗೆಯೇ ನಿಂತಿತ್ತು.

"ಈಗ ಸಪ್ಪಳ ಬಂತೇನು?" ಕಿವಿ ಮುಚ್ಚಿಕೊಂಡವರು ಮಾತಾಡುವ ಹಾಗೆ ಆಕೆ ಕೂಗಿದಳು. "ಕೂಸಿನ ಮೈ ಝುಂ ಅಂತು!"

ಸುಮ್ಮನಿರಲು ಸನ್ನೆ ಮಾಡಬೇಕಿತ್ತು, ಆ ಕೂಗಿಗೆ ಪರೀಕ್ಷೆ ಕೆಡುತ್ತದೆ. ಮಾಡಲಿಲ್ಲ. ಮುಂದಿನ ಸಪ್ಪಳ ತಡವಾಗಿ ಬಂತು. "ಈಗ," ಎಂದಳು. ಅದರ ಮುಂದಿನದು ಬೇಗ ಬಂತು. "ಈಗ!" ತಾಯಿ ಮೂಲೆಯಲ್ಲಿ ಎದ್ದು ನಿಂತಿದ್ದಳು. ಸ್ಪೀಕರ್ ಸಪ್ಪಳ ಆಕೆಗೂ ಕೇಳುತ್ತಿತ್ತು, ಅತ್ತೆಗೆ ಕೇಳುತ್ತಿಲ್ಲ ಎಂಬುದೂ ಆಕೆಗೆ ಗೊತ್ತಿತ್ತು.

ಅಜ್ಜಿಗೆ ಸನ್ನೆ ಮಾಡಲಿಲ್ಲ, ತಾಯಿಗೂ ಹೇಳಲಿಲ್ಲ. ಕೂಸಿನ ಯಂತ್ರದ ರಿಮೋಟ್ ಮೇಜಿನ ಮೇಲೆಯೇ ಇತ್ತು. ಗಾಜಿನ ಈ ಕಡೆಯಿಂದ ಅದನ್ನು ಎತ್ತಿ ಯಂತ್ರ ಆಫ್ ಮಾಡಿದೆ. ಸ್ಪೀಕರ್ ತನ್ನ ಪಾಡಿಗೆ ಟ, ಟ ಎನ್ನುತ್ತಿತ್ತು. ಒಂದು ಹೋಯಿತು. ಎರಡು, ಮೂರು ಹೋದವು. ಅಜ್ಜಿಯ ಅಂಗೈ ಬೆನ್ನ ಮೇಲೆ ಕಾಯುತ್ತ ಕೂತಿತ್ತು.

ಆಕೆ ತಲೆಯೆತ್ತಿ ಗಾಜಿನಾಚೆಯ ನನ್ನನ್ನು ನೋಡಿದಳು.

"ಯಾಕ," ಎಂದು ಕೂಗಿದಳು, "ಸಪ್ಪಳ ಯಾಕ ಬಂದ್ ಮಾಡಿದೀ?"